ಥೀಟಿಸಳ ಬೆಳ್ಳಿ ಕಾಲು

'ಆರ್ಗುರೊಪೆಜಾ.' ಗ್ರೀಕ್ ಮಹಾಕವಿ ಹೋಮರ್ ಈ ಪದವನ್ನು ಒಬ್ಬಳಿಗೇ ಮೀಸಲಿಟ್ಟಿದ್ದಾನೆ. ಅವಳು ಥೀಟಿಸ್, 'ಕಡಲ ಮುದುಕ' ಅನ್ನಿಸಿಕೊಂಡ ದೇವರ ಮಗಳು, ಟ್ರಾಯ್ ಯುದ್ಧದ ವೀರ ಅಕಿಲೀಸನ ತಾಯಿ. ಅರ್ಥ: ಬೆಳ್ಳಿ ಪಾದದವಳು.

ಬೆಳ್ಳಿ, ಪಾದ ಅಂದಕೂಡಲೇ ನಮಗೆ ಕಾಲುಂಗುರ, ಗೆಜ್ಜೆ ನೆನಪಾಗುತ್ತವೆ. ನಾನೂ ಮೊದಲು ಹಾಗೇ ಓದಿಕೊಂಡಿದ್ದೆ. ಆದರೆ ಪದದೊಳಗೆ ಒಡವೆಯೇ ಇಲ್ಲ. 'ಆರ್ಗುರೋಸ್' ಅಂದರೆ ಬೆಳ್ಳಿ, ನಮ್ಮ 'ರಜತ', 'ಅರ್ಜುನ'ಗಳ ದಾಯಾದಿ. 'ಪೆಜಾ' ನಮ್ಮ 'ಪಾದ'ದ ನೆಂಟ. ಪದ ಕಟ್ಟಿರುವ ರೀತಿಯೂ ಹೊಸದಲ್ಲ. ಮೂರು ಕಣ್ಣಿರುವವನನ್ನು ನಾವು ಮುಕ್ಕಣ್ಣ ಅನ್ನುತ್ತೇವಲ್ವಾ, ಹಾಗೇ.

ತಕರಾರು ಇರುವುದು 'ಪೆಜಾ'ದಲ್ಲಿ. ಅದಕ್ಕೆ ಅಂಚು ಅಂತಲೂ ಅರ್ಥವಿದೆ, ಬಟ್ಟೆಯ ಅಂಚಿಗೂ ಆ ಪದ ಸಲ್ಲುತ್ತದೆ. ಹಾಗಾದರೆ ಥೀಟಿಸ್ 'ಬೆಳ್ಳಿ ಅಂಚಿನವಳು'. ದಡಕ್ಕೆ ಬಂದು ಒಡೆಯುವ ಅಲೆಯ ನೊರೆ! ಮುಂದೆ ಪಿಂಡಾರ್ ಅನ್ನುವ ಗ್ರೀಕ್ ಕವಿ ಈ ಪದವನ್ನು ಪ್ರೇಮದೇವತೆ ಅಫ್ರೊಡೈಟಿಗೆ ಕೊಟ್ಟ. ನೊರೆಯಲ್ಲಿ ಹುಟ್ಟಿದವಳು ಅಂತ ಹೆಸರಾದವಳು ಅವಳು. ನೊರೆಯ ಅರ್ಥ ನನಗೂ ತುಂಬ ಇಷ್ಟ. ಆದರೂ ನನ್ನ ಓಟು ಪಾದಕ್ಕೇ.

ಕಾರಣ ಹೋಮರನ ಮಹಾಕಾವ್ಯ 'ಇಲಿಯಡ್'ನ 18ನೇ ಕಾಂಡ. ಮಗನಿಗೆ ಹೊಸ ಕವಚ ಬೇಕು. 369ನೇ ಸಾಲಿನಲ್ಲಿ ಬೆಳ್ಳಿ ಪಾದದ ಥೀಟಿಸ್ ಕಮ್ಮಾರ ದೇವರು ಹೆಫೈಸ್ಟಸನ ಮನೆಗೆ ಬರುತ್ತಾಳೆ. ಎರಡೇ ಸಾಲು ದಾಟಿದರೆ, ಆ ಕಂಚಿನ ಮನೆ ಕಟ್ಟಿದವನನ್ನು ಹೋಮರ್ ಹೆಸರಿಟ್ಟು ಕರೆಯುವುದೇ ಇಲ್ಲ. 'ಸೊಟ್ಟಗಾಲಿನವನು' ಅನ್ನುತ್ತಾನೆ, ಅಷ್ಟೇ.

ಇಂಥ ವಿಶೇಷಣಗಳು ಛಂದಸ್ಸಿನ ಅಳತೆಗೆ ಕೂರುವ ಸಿದ್ಧ ಅಚ್ಚುಗಳು ಅಂತ ಹೋಮರನ ಕಾವ್ಯದ ವಿದ್ವಾಂಸ ಮಿಲ್ಮನ್ ಪ್ಯಾರಿ 1928ರಲ್ಲೇ ತೋರಿಸಿಕೊಟ್ಟ. ಒಪ್ಪಿದೆ. ಹಾಡುವವನಿಗೆ ಅದು ಅಚ್ಚೇ ಇರಬಹುದು. ಆದರೆ ಬೆಳ್ಳಿ ಕಾಲು, ಸೊಟ್ಟ ಕಾಲು ಬೆನ್ನುಬೆನ್ನಿಗೆ ಬಂದರೆ ಕೇಳುವವನ ಕಿವಿ ಸುಮ್ನೆ ಇರುತ್ತಾ?

ಹೆಫೈಸ್ಟಸ್ ಹಳೆಯ ಕಥೆ ತೆಗೆಯುವುದೂ ಅಲ್ಲೇ. ಕುಂಟ ಅಂತ ಹೆತ್ತ ತಾಯಿಯೇ ನನ್ನನ್ನು ಮರೆಮಾಡಲು ನೋಡಿದಳು. ಬಿದ್ದವನನ್ನು ಎತ್ತಿಕೊಂಡವರು ಥೀಟಿಸ್ ಮತ್ತು ಇನ್ನೊಬ್ಬ ಕಡಲ ದೇವತೆ ಯೂರಿನೋಮಿ ಅನ್ನುತ್ತಾನೆ. 9 ವರ್ಷ ಗುಹೆಯಲ್ಲಿ ಅಡಗಿದ್ದು, ಸುತ್ತ ಸಾಗರ ಮೊರೆಯುವಾಗ, ಅವರ ಹತ್ತಿರ ಕೂತು ಒಡವೆ ಮಾಡುತ್ತಿದ್ದನಂತೆ. ಮಾಡಿದ್ದನ್ನು ಹೆಸರು ಹಿಡಿದು ಹೇಳುತ್ತಾನೆ: ಸೆರಗಿನ ಪಿನ್ನು, ಸುರುಳಿ ಬಳೆ, ಕಂಠಹಾರ.

ಕಾಲಿಗೆ ಅಂತ ಒಂದೂ ಮಾಡಿಲ್ಲ.