ಹೆಂಚಿನ ಮನೆ, ಹುಲ್ಲಿನ ಮನೆ

ಕೊರಿಯಾದ ಹಾಹ್ವೆ ಹಳ್ಳಿಗೆ ಹೋಗಿ ಬಂದವರ ಫೋಟೊಗಳೆಲ್ಲ ಒಂದೇ ಥರ. ಹೆಂಚಿನ ದೊಡ್ಡ ಮನೆ, ಮಣ್ಣು ಗೋಡೆಯ ಓಣಿ, ಹೊಳೆಯಾಚೆಯ ಬಂಡೆ. ನಾನೂ ಹಾಗೇ ತೆಗೆದವನು, ಸುಳ್ಳು ಯಾಕೆ ಹೇಳಲಿ.

ಆಂಡೊಂಗ್ ನಗರದ ಹತ್ತಿರ ನಾಕ್‌ಡೊಂಗ್ ನದಿ ಈ ಊರನ್ನು ಸುತ್ತಿಕೊಂಡು ಹರಿಯುತ್ತದೆ. ಹೆಸರಿನ ಅರ್ಥವೂ ಅದೇ. ಇದು ರ್ಯು ಮನೆತನದ ಊರು. ಅವರು ಯಾಂಗ್‌ಬಾನ್, ಅಂದರೆ ಓದಿ, ಅಧಿಕಾರ ಹಿಡಿದ ಮೇಲ್ವರ್ಗ. ಅವರಿಗೆ ಹೆಂಚು, ದುಡಿಯುವವರಿಗೆ ಹುಲ್ಲಿನ ಮಾಡು. 1592ರಲ್ಲಿ ಜಪಾನ್ ದಂಡೆತ್ತಿ ಬಂದಾಗ ರಾಜ್ಯ ನೋಡಿಕೊಂಡ ಮಂತ್ರಿ ರ್ಯು ಸೊಂಗ್-ರ್ಯೋಂಗ್ ಇಲ್ಲಿಯವರೇ. ಊರು 2010ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಜನ ಈಗಲೂ ಇಲ್ಲಿ ವಾಸ ಇದ್ದಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆಗಳಲ್ಲ, ಮುಖವಾಡದ ಆಟ. ಯಾಂಗ್‌ಬಾನ್ ಮುಖವಾಡದ ದವಡೆ ಬೇರೆ ತುಂಡು, ದಾರದಲ್ಲಿ ಕಟ್ಟಿರುತ್ತಾರೆ. ತಲೆ ಹಿಂದಕ್ಕೆ ಹಾಕಿದರೆ ಬಾಯಿ ತೆರೆದು ನಗು. ತಗ್ಗಿಸಿದರೆ ಸಿಟ್ಟು. ಮರ ಅದೇ, ಮುಖ ಎರಡು!

ಆಟದಲ್ಲಿ ಯಾಂಗ್‌ಬಾನ್‌ಗೂ ಪಂಡಿತನಿಗೂ ಜಂಬದ ಜಗಳ. ‘ನಮ್ಮದು ಸಾದೆಬು ವಂಶ’ ಅಂತಾನೆ ಒಬ್ಬ. ದೊಡ್ಡ ಅಧಿಕಾರಿಗಳ ಕುಲ ಅಂತ ಅರ್ಥ. ಆದರೆ ಕೊರಿಯನ್‌ನಲ್ಲಿ ‘ಸಾ’ ಅಂದರೆ ನಾಲ್ಕು ಕೂಡ. ಇನ್ನೊಬ್ಬ ಬಿಡುತ್ತಾನಾ? ‘ನಮ್ಮದು ಪಾಲ್‌ದೆಬು!’ ಪಾಲ್ ಅಂದರೆ ಎಂಟು, ನಿನಗಿಂತ ಡಬಲ್. ಆಮೇಲೆ ಗ್ರಂಥಗಳ ಲೆಕ್ಕ. ನೀನು ನಾಲ್ಕು ಪುಸ್ತಕ ಓದಿದರೆ ನಾನು ಎಂಟು ಓದಿದ್ದೇನೆ, ಆರು ಶಾಸ್ತ್ರವೂ ಬರುತ್ತೆ! ಯಾವ ಆರು ಅಂದಾಗ ಆಳು ಮುಂದೆ ಬಂದು ಎಣಿಸುತ್ತಾನೆ. ಕೊರಿಯನ್‌ನಲ್ಲಿ ಶಾಸ್ತ್ರಕ್ಕೆ ‘ಗ್ಯೊಂಗ್’ ಅಂತಾರೆ. ಕುರುಡನ ಕನ್ನಡಕ ‘ಆನ್‌ಗ್ಯೊಂಗ್’, ಜೀತದಾಳಿನ ವರ್ಷದ ಕೂಲಿ ‘ಸೆಗ್ಯೊಂಗ್’. ಅವೂ ಶಾಸ್ತ್ರದ ಪಟ್ಟಿಗೆ!

ಕೂಲಿಯ ಮಾತು ಸುಮ್ನೆ ಬಂದಿದ್ದಲ್ಲ ಅಲ್ವಾ?

ಈ ಆಟ ಆಡುತ್ತಿದ್ದವರು ಹುಲ್ಲಿನ ಮನೆಯವರು. ಖರ್ಚಿಗೆ ಹೆಂಚಿನ ಮನೆಯವರೂ ಕೊಡುತ್ತಿದ್ದರು. ಒಂದಿಷ್ಟು ದಿನ ಬೈಯಲು ಬಿಟ್ಟು ಉಳಿದ ದಿನ ದುಡಿಸಿಕೊಳ್ಳುವ ಉಪಾಯ ಅನ್ನಬಹುದು. ನನಗೂ ಅರ್ಧ ಹಾಗೇ ಅನಿಸುತ್ತದೆ. ಆದರೂ 1928ರಲ್ಲಿ ನಿಂತೇ ಹೋಗಿದ್ದ ಆಟವನ್ನು 1970ರ ದಶಕದಲ್ಲಿ ಮತ್ತೆ ಎಬ್ಬಿಸಿದರಲ್ಲ, ಈ ಊರಿನಲ್ಲಿ ಉಳಿಸಿದ್ದರಲ್ಲಿ ದೊಡ್ಡದು ಅದೇ ಅನ್ನುತ್ತೇನೆ. ಅದಿಲ್ಲದೆ ಬರೀ ಹೆಂಚಿನ ಮನೆ ಉಳಿದಿದ್ದರೆ ಯಜಮಾನರ ಮಾತಷ್ಟೇ ನಮ್ಮ ಕಿವಿಗೆ ಬೀಳುತ್ತಿತ್ತು.

ರೂಮಿಗೆ ಬಂದು ಮೊಬೈಲ್ ತೆಗೆದು ನೋಡಿದೆ. ಹುಲ್ಲಿನ ಮನೆಯ ಒಂದು ಫೋಟೊನೂ ತೆಗೆದಿರಲಿಲ್ಲ.