ರಕ್ತಬೀಜ ಮತ್ತು ಮಂಕಿ ಕ್ಯಾಪು

1968ರಲ್ಲಿ ನಮ್ಮ ದೇಶದ ಗೂಢಚಾರ ಸಂಸ್ಥೆ 'ರಾ' ಶುರುವಾದಾಗ ಅದರ ಮೊದಲ ಮುಖ್ಯಸ್ಥರಾಗಿದ್ದ ಆರ್. ಎನ್. ಕಾವ್ ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರಂತೆ. ಹಿಂದಿ ಸಿನಿಮಾದ ಗೂಢಚಾರನೋ, ಅಂಗಿ ಬಿಚ್ಚಿ, ಕೂದಲು ಹಾರಿಸಿಕೊಂಡು ಸ್ಪೇನಿನ ಕಡಲತೀರದಲ್ಲಿ ಕುಣಿಯುತ್ತಾನೆ. ನನ್ನ ಪ್ರಕಾರ ಅಸಲಿ ಗುಪ್ತಚರ ಪ್ರತಿಭೆ ಇರುವುದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಚಿಕ್ಕಮ್ಮನಲ್ಲಿ.

ಶಾರುಖ್ ಖಾನ್ ಗೂಢಚಾರನಾಗಿರುವ 'ಪಠಾಣ್' ಸಿನಿಮಾ ಬಿಡುಗಡೆಯಾದದ್ದು 2023ರ ಜನವರಿ 25ಕ್ಕೆ. ಮರುದಿನ ರಜೆ, ಹೊರಟೆವು. ಅದೇ ತಿಂಗಳ ಮೊದಲಲ್ಲಿ ಸುಪ್ರೀಂ ಕೋರ್ಟು, ಹೊರಗಿನ ತಿಂಡಿ ತಡೆಯುವ ಹಕ್ಕು ಥಿಯೇಟರಿನವರಿಗೆ ಉಂಟು ಎಂದಿತ್ತು. ಜಿಲೇಬಿ ತಿಂದ ಅಂಟುಗೈಯನ್ನು ಸೀಟಿಗೆ ಒರೆಸಿದರೆ ತೊಳೆಯುವವರು ಯಾರು ಎಂಬ ಮಾತೂ ವಿಚಾರಣೆಯಲ್ಲಿ ಬಂದಿತ್ತು. "ಚಕ್ಕುಲಿ ಅಂಟುವುದಿಲ್ಲವಲ್ಲ" ಎಂದು ಚಿಕ್ಕಮ್ಮ ತೀರ್ಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಗೇಟಿನಲ್ಲಿ ತಪಾಸಣೆಯ ಹೆಂಗಸು ಬ್ಯಾಗು ಬಿಚ್ಚಿದರೆ ಮೇಲೆಯೇ ಒಂದು ಬಿಸ್ಕತ್ತಿನ ಪೊಟ್ಟಣ. ಚಿಕ್ಕಮ್ಮ ಮರಾಠಿಯಲ್ಲಿ ತನ್ನ ಶುಗರು, ಬಿಪಿ ಎಲ್ಲ ಮುಂದಿಟ್ಟು ಹೋರಾಡಿ, ಕೊನೆಗೆ ಸೋತವಳಂತೆ ಪೊಟ್ಟಣ ಒಪ್ಪಿಸಿದಳು. ಗೆದ್ದ ಖುಷಿಯಲ್ಲಿ ಆ ಹೆಂಗಸು ಅಡಿಯಲ್ಲಿದ್ದ ಚಿಕ್ಕಪ್ಪನ ಮಂಕಿ ಕ್ಯಾಪನ್ನು ಮುಟ್ಟಲೇ ಇಲ್ಲ. ಚಕ್ಕುಲಿ ಇದ್ದದ್ದು ಅದರೊಳಗೆ. ಇಂಥ ಕಾರ್ಯಾಚರಣೆಯ ವಿಷಯ ಗೊತ್ತಿರಬೇಕಾದವರಿಗೆ ಮಾತ್ರ ಗೊತ್ತಿರಬೇಕು. ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ.

ಶಾರುಖ್, ಸಲ್ಮಾನ್ ಇಬ್ಬರೂ ಓಡುವ ರೈಲಿನ ನೆತ್ತಿ ಹತ್ತಿದಾಗ ಹಾಲಿನ ತುಂಬ ಸಿಳ್ಳೆ. ಫಾಸ್ಟ್ ಲೋಕಲಿನ ಬಾಗಿಲಲ್ಲಿ ನೇತಾಡಿಯೇ ಬ್ಯಾಂಕಿನ ಸರ್ವೀಸು ಮುಗಿಸಿದ ಚಿಕ್ಕಪ್ಪ ಮಾತ್ರ, "ಎಂತದು ಮಾರಾಯ, ಒಳಗೆ ಅಷ್ಟು ಸೀಟು ಖಾಲಿ ಉಂಟು, ಇವರಿಗೆ ಮೇಲೆ ಹತ್ತುವ ಹುಚ್ಚು ಯಾಕೆ?" ಅಂದರು. ಇಂಟರ್ವಲ್ಲಿನೊಳಗೆ ಚಿಕ್ಕಮ್ಮ ಪಕ್ಕದ ಸೀಟಿನ ಹೆಂಗಸಿನ ತವರುಮನೆ, ಮುಲುಂಡಿನ ಫ್ಲ್ಯಾಟಿನ ಸಾಲ, ಮದುವೆಯಾಗದ ಮಗನ ಸಂಬಳ ಇಷ್ಟನ್ನೂ ಸಂಗ್ರಹಿಸಿಯಾಗಿತ್ತು. ಆ ಹೆಂಗಸಿಗೆ ನಮ್ಮ ಹೆಸರೂ ಗೊತ್ತಿಲ್ಲ.

ಜಾನ್ ಅಬ್ರಹಾಂ ಇಲ್ಲಿ ಖಳ ಜಿಮ್. ಹಿಂದೆ ನಮ್ಮವರದೇ ಏಜೆಂಟನಾಗಿದ್ದವನು. ಅವನು ದೆಹಲಿಯ ಮೇಲೆ ಬಿಡಲು ಹೊರಟ ಸಿಡುಬಿನ ರೋಗಾಣುವಿನ ಹೆಸರು ರಕ್ತಬೀಜ್. ಚಿಕ್ಕಮ್ಮ ನೆಟ್ಟಗೆ ಕೂತಳು. ಊರಲ್ಲಿ ದೇವಿ ಮಹಾತ್ಮೆ ಯಕ್ಷಗಾನದ ಆಟ ನೋಡುತ್ತ ಬೆಳಗು ಮಾಡಿದವಳು ಅವಳು. ಚೆಂಡೆಯ ಪೆಟ್ಟಿಲ್ಲ, ಕಿರೀಟ ಇಲ್ಲ, ದೇವಿಯ ಎದುರು ಗಂಟೆಗಟ್ಟಲೆ ಅರ್ಥ ಹೇಳುವುದಿಲ್ಲ. ಒಂದು ಚೆಂಡು ತೋರಿಸಿ ರಕ್ತಬೀಜ ಅಂದರೆ ಒಪ್ಪುವುದು ಹೇಗೆ? ನೆಲಕ್ಕೆ ಬಿದ್ದ ಒಂದೊಂದು ಹನಿಗೂ ಒಬ್ಬೊಬ್ಬ ರಕ್ಕಸ ಹುಟ್ಟುವ ಕಥೆ ವೈರಸ್ಸಿಗೆ ಚೆನ್ನಾಗಿಯೇ ಒಗ್ಗುತ್ತದೆ ಎಂದು ನನಗನ್ನಿಸಿತು. ಹೇಳುವ ಧೈರ್ಯ ಬರಲಿಲ್ಲ.

ಪ್ರಯೋಗಾಲಯದೊಳಗೆ ಅದೇ ವೈರಸ್ ಸೋರಿತು. ಡಿಂಪಲ್ ಕಪಾಡಿಯಾ ಒಳಗೆ ಸಿಕ್ಕಿಬಿದ್ದಿದ್ದಾರೆ, ಹಾಲಿನಲ್ಲಿ ಒಬ್ಬರೂ ಕೆಮ್ಮುತ್ತಿಲ್ಲ. ಎಸಿ ಚಳಿಗೆ ನಡುಗುತ್ತಿದ್ದ ಚಿಕ್ಕಪ್ಪ ಕತ್ತಲಲ್ಲೇ ಬ್ಯಾಗಿಗೆ ಕೈ ಹಾಕಿ ಮಂಕಿ ಕ್ಯಾಪು ಎಳೆದು ಕೊಡವಿದರು. ಚಕ್ಕುಲಿಗಳೆಲ್ಲ ಮುಂದಿನ ಸಾಲಿಗೆ ಹಾರಿದವು. ಎದುರು ಸೀಟಿನ ಹುಡುಗನ ಕಾಲರಿನೊಳಗೆ ಪುಡಿ ಇಳಿದದ್ದೇ, ಅವನು "ಆಯಿ ಗ!" ಎಂದು ಚೀರಿ ಎದ್ದು ಮೈ ಝಾಡಿಸತೊಡಗಿದ. ಅವನ ಪಕ್ಕದವಳು ಕುಂಕುಮದಷ್ಟು ಕೆಂಪಾಗಿದ್ದ ಅವನ ಕುತ್ತಿಗೆಗೆ ಮೊಬೈಲಿನ ಟಾರ್ಚು ಹಿಡಿದು, ಏನೋ ಎದ್ದಿದೆ ಅಂದಳು. ಎದ್ದದ್ದು ಎಳ್ಳು.

ಟಾರ್ಚು ನಮ್ಮ ಸಾಲಿಗೆ ತಿರುಗಿತು. ಚಿಕ್ಕಪ್ಪ ಕಣ್ಣಷ್ಟೇ ಕಾಣುವಂತೆ ಕ್ಯಾಪು ಧರಿಸಿ ಕೂತಿದ್ದರು. ಪರದೆಯ ಮೇಲಿನ ಯಾವ ಭಯೋತ್ಪಾದಕನೂ ಅಷ್ಟು ಸಂಶಯಾಸ್ಪದವಾಗಿರಲಿಲ್ಲ. ಚಿಕ್ಕಮ್ಮ ಮುಖ ಅತ್ತ ತಿರುಗಿಸಿದಳು. ಸಿಕ್ಕಿಬಿದ್ದ ಏಜೆಂಟನನ್ನು ಇಲಾಖೆ ತನ್ನವನೆಂದು ಒಪ್ಪಿಕೊಳ್ಳುವುದಿಲ್ಲವಲ್ಲ.

ಎಲ್ಲ ಮುಗಿದ ಮೇಲೆ ಬರುವ ತುಣುಕಿನಲ್ಲಿ ಶಾರುಖ್, ಸಲ್ಮಾನ್ ಕೂತು ಮಾತಾಡುತ್ತಾರೆ: 30 ವರ್ಷವಾಯಿತು, ಬಿಟ್ಟುಬಿಡೋಣವೇ? ಬೇಡ, ದೇಶದ ವಿಷಯ, ಮಕ್ಕಳ ಕೈಗೆ ಬಿಡುವಂತಿಲ್ಲ. ಚಿಕ್ಕಮ್ಮ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಚಿಕ್ಕಪ್ಪನ ಕಡೆ ತಿರುಗಿದಳು. "ಕೇಳಿದಿರಾ? ಅವರು ಇನ್ನೂ ರಿಟೈರ್ ಆಗಲಿಲ್ಲ. ನಿಮಗೆ ಕಸದ ಬುಟ್ಟಿ ಹೊರಗಿಡಲಿಕ್ಕೂ ಮಂಡಿ ನೋವು."