ಕ್ಲೇ ಬರುವವರೆಗೆ ತಂಡ ಸುಮ್ನೆ ಕೂರಲಿಲ್ಲ
ಗಾಯಗೊಂಡ ಸ್ಟಾರ್ ವಾಪಸ್ ಬಂದರೆ ಸಾಕು, ತಂಡ ತಾನಾಗೇ ಗೆಲ್ಲುತ್ತದೆ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಗ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಕ್ಕೆ ಆಡುತ್ತಿದ್ದ ಕ್ಲೇ ಥಾಂಪ್ಸನ್ ಅವರನ್ನೇ ನೋಡಿ. 2019ರ ಫೈನಲ್ಸ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆದರೂ ಅಂಗಳ ಬಿಟ್ಟು ಒಳಗೆ ಹೋಗುತ್ತಿದ್ದವರು ತಿರುಗಿ ಬಂದು ಎರಡು ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ಅಡ್ಡಿಪಡಿಸದ ಎಸೆತ) ಹಾಕಿಯೇ ಹೋದರು. ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಮರುವರ್ಷ ಹಿಮ್ಮಡಿ ಮೇಲಿನ ಅಕಿಲೀಸ್ ಸ್ನಾಯುರಜ್ಜು ಕೂಡ ಹರಿಯಿತು, ಪಾಪ. ಮತ್ತೆ ಅಂಗಳಕ್ಕಿಳಿದದ್ದು 2022ರ ಜನವರಿಯಲ್ಲಿ, 941 ದಿನಗಳ ನಂತರ. ಅಷ್ಟರಲ್ಲಿ ತಂಡ ಆಂಡ್ರ್ಯೂ ವಿಗಿನ್ಸ್ ಅವರನ್ನು ಕರೆತಂದಿತ್ತು, ಜೋರ್ಡನ್ ಪೂಲ್ ಅವರನ್ನು ಬೆಳೆಸಿತ್ತು. ಆ ವರ್ಷ ಬಾಸ್ಟನ್ ವಿರುದ್ಧ ಫೈನಲ್ಸ್ ಸರಣಿಯನ್ನು 4-2ರಿಂದ ಗೆದ್ದು ಪಟ್ಟಕ್ಕೇರಿದಾಗ, ಬಾಸ್ಟನ್‌ನ ಸ್ಟಾರ್ ಜೇಸನ್ ಟೇಟಮ್ ಬೆನ್ನು ಬಿಡದೆ ಕಾವಲು ಕಾದದ್ದು ಈ ವಿಗಿನ್ಸೇ ಅಲ್ವಾ?